ಕುದುರೆ ಎಲ್ಲಿ ಹುಟ್ಟುತ್ತೆ ಸ್ವಾಮಿ?

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನಾಲ್ಕು ವರ್ಷ ಹಾರ್ಸ್‌ಪವರ್ ಲೆಕ್ಕ ಹಾಕಿದವನು. ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಆದರೆ ಕುದುರೆ? ಅದನ್ನು ಹತ್ತಿರ ನಿಂತು ನೋಡಿದ್ದು ಮೂವತ್ತು ದಾಟಿದ ಮೇಲೆ. ಅದೂ ಒಬ್ಬರ ಹತ್ತಿರ ಬೈಸಿಕೊಂಡ ಮೇಲೆ.

ಆಗಿದ್ದು ಇಷ್ಟು. ಕುಣಿಗಲ್ ಸ್ಟಡ್ ಫಾರ್ಮ್ ಜಾಗದಲ್ಲಿ ಟೌನ್‌ಶಿಪ್ ಮಾಡ್ತಾರಂತೆ ಅನ್ನೋ ಸುದ್ದಿ ಜೋರಾಗಿತ್ತು. ರಾತ್ರಿ ಚರ್ಚೆಗೆ ಅದನ್ನೇ ಇಟ್ಟುಕೊಂಡೆ. ನಾಲ್ಕು ಜನ ಅತಿಥಿಗಳು. ಆ ಫಾರ್ಮ್ ಶುರು ಮಾಡಿದ್ದು ಟಿಪ್ಪು ಸುಲ್ತಾನ್ ಅಂತ ನಾನು ಹೇಳಿದ್ದೇ ತಡ, ಮುಗೀತು. ಟಿಪ್ಪು ಹೀಗೆ ಅಂತ ಇಬ್ಬರು, ಟಿಪ್ಪು ಹಾಗೆ ಅಂತ ಇಬ್ಬರು. ಐವತ್ತು ನಿಮಿಷ ಕಿರುಚಾಟ. ಸುಳ್ಳು ಯಾಕೆ ಹೇಳಲಿ, ಕಿರುಚಾಡಿಸಿದವನೂ ನಾನೇ.

ಮಾರನೇ ದಿನ ಬೆಳಗ್ಗೆ ಒಬ್ಬ ಪಶುವೈದ್ಯರ ಫೋನ್ ಬಂತು. ಜೀವಮಾನವೆಲ್ಲ ಕುದುರೆಗಳ ಜೊತೆ ಕಳೆದವರು. ದನಿ ಎತ್ತರಿಸದೆ ಬೈದರು. “ಸಾರ್, ಐವತ್ತು ನಿಮಿಷದಲ್ಲಿ ಟಿಪ್ಪು ಹೆಸರು ಎಷ್ಟು ಸಲ ಬಂತೋ ಲೆಕ್ಕ ಇಡಲಿಲ್ಲ. ಕುದುರೆ ಮರಿ ಅನ್ನೋ ಮಾತು ಒಂದು ಸಲವೂ ಬರಲಿಲ್ಲ. ಅಂಥ ಜಾಗದಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತಾ? ಫೆಬ್ರವರಿಯಲ್ಲಿ ಒಂದು ರಾತ್ರಿ ಬನ್ನಿ. ಕ್ಯಾಮೆರಾ ಬೇಡ.”

ಹೋದೆ. ಅವರು ಕೆಲಸ ಮಾಡುವ ಫಾರ್ಮ್ ಕುಣಿಗಲ್‌ನದ್ದಲ್ಲ, ಇನ್ನೊಂದು. ಹೆಸರು ಹಾಕಬಾರದು ಅನ್ನೋದು ಷರತ್ತು. ಆ ರಾತ್ರಿಯ ಕಥೆಗೆ ಬರ್ತೀನಿ. ಅದಕ್ಕೂ ಮೊದಲು ನಿಮ್ಮನ್ನು ನಮ್ಮೂರ ಕಡೆ ಕರ್ಕೊಂಡು ಹೋಗಬೇಕು. ಯಾಕಂದ್ರೆ ಈ ಪ್ರಶ್ನೆ ಶುರುವಾಗೋದೇ ಅಲ್ಲಿಂದ.

ನಮ್ಮದು ಸಾಗರದ ಕಡೆ. ಸಾಗರ, ಹೊಸನಗರ, ತೀರ್ಥಹಳ್ಳಿ. ಈ ಮೂರು ತಾಲ್ಲೂಕುಗಳನ್ನು ಇವತ್ತು ಜನ ಜೋಗಕ್ಕೆ, ಅಡಿಕೆಗೆ, ಮಳೆಗೆ ನೆನಪಿಸಿಕೊಳ್ತಾರೆ. ಆದರೆ ಸುಮಾರು 1500ರಿಂದ 1763ರವರೆಗೆ ಇದು ಒಂದು ರಾಜ್ಯದ ಹೃದಯ. ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಆಮೇಲೆ ರಾಜಧಾನಿಯಾದ ಬಿದನೂರು, ಅಂದರೆ ಇವತ್ತಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಭೂಕಂದಾಯಕ್ಕೆ ‘ಶಿಸ್ತು’ ತಂದ ಶಿವಪ್ಪ ನಾಯಕ ಇಲ್ಲಿಯವನು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ ಇಲ್ಲಿಯವಳು. ಕರಾವಳಿಯ ಬಂದರುಗಳು ಇವರ ಕೈಯಲ್ಲಿದ್ದವು. ಅಕ್ಕಿ, ಮೆಣಸು ಹಡಗು ಹತ್ತುತ್ತಿದ್ದವು. ಕೋಟೆ ಇತ್ತು, ಖಜಾನೆ ಇತ್ತು, ಸೈನ್ಯ ಇತ್ತು, ಸೈನ್ಯದಲ್ಲಿ ಕುದುರೆ ಇತ್ತು.

ಆ ಕುದುರೆ ಎಲ್ಲಿ ಹುಟ್ಟುತ್ತಿತ್ತು?

ನಗರದ ಕೋಟೆಗೆ ಹೋದಾಗ ಇದೇ ಪ್ರಶ್ನೆ ಅಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕುದುರೆಯಾ? ಈ ಮಳೆಗೆ ಕುದುರೆ ಎಂತಕ್ಕೆ ಬದುಕ್ತದೆ ಮಾರಾಯ್ರೇ? ನಾನು ಕುದುರೆ ನೋಡಿದ್ದು ನಿಮ್ಮ ಟಿವಿಯಲ್ಲೇ” ಅಂದರು. ಅವರ ಹಿಂದೆ ನಾಲ್ಕೈದು ಮಲೆನಾಡು ಗಿಡ್ಡ ದನಗಳು ಕೋಟೆಯ ಹುಲ್ಲು ಮೇಯ್ತಾ ಇದ್ದವು.

ಅವರು ತಮಾಷೆಗೆ ಹೇಳಿದ್ದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುವ ಊರು. ಕುದುರೆ ಬಯಲು ಸೀಮೆಯ ಪ್ರಾಣಿ. ಅದರ ಗೊರಸು ಒಣ ನೆಲಕ್ಕೆ ಮಾಡಿದ್ದು. ನಾಲ್ಕು ತಿಂಗಳು ಕೆಸರಲ್ಲಿ ನಿಂತರೆ ಗೊರಸು ಮೆತ್ತಗಾಗುತ್ತೆ, ಕೊಳೆಯುತ್ತೆ. ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗಿರುತ್ತೆ. ಅಂಥ ಮಣ್ಣಲ್ಲಿ ಬೆಳೆದ ಹುಲ್ಲಿನಲ್ಲಿ ಕ್ಯಾಲ್ಸಿಯಂ ಕಡಿಮೆ. ನಮ್ಮ ಗಿಡ್ಡ ದನಕ್ಕೆ ಇದೆಲ್ಲ ಲೆಕ್ಕಕ್ಕಿಲ್ಲ. ಪುಟ್ಟ ಮೈ, ಗಟ್ಟಿ ಕಾಲು, ಸಿಕ್ಕ ಸೊಪ್ಪು ತಿಂದು ಗುಡ್ಡ ಹತ್ತುತ್ತೆ. ಆದರೆ ಯುದ್ಧದ ಕುದುರೆಗೆ ಅದೇ ನೆಲ ಆಗಿಬರೋದಿಲ್ಲ.

ಹಾಗಾಗಿ ಕುದುರೆ ಸಮುದ್ರದ ಮೇಲಿಂದ ಬರಬೇಕಿತ್ತು. ಇದು ಕೆಳದಿಯೊಂದರ ಕಥೆಯಲ್ಲ, ಇಡೀ ದಕ್ಷಿಣದ ಕಥೆ. ಅರಬ್ ದೇಶದಿಂದ, ಹೊರ್ಮುಜ್‌ನಿಂದ ಕುದುರೆ ಹಡಗುಗಳು ಭಟ್ಕಳಕ್ಕೆ, ಗೋವಾಕ್ಕೆ ಬರುತ್ತಿದ್ದವು. 1535ರ ಸುಮಾರಿಗೆ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಕೊಡುವ ಲೆಕ್ಕ ನೋಡಿ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನಂತೆ. ಅದಕ್ಕಿಂತ ಮುಂಚಿನ ಸಾಳುವ ನರಸಿಂಹನ ಬಗ್ಗೆ ಇನ್ನೂ ವಿಚಿತ್ರ ಸಂಗತಿ ಬರೀತಾನೆ. ದಾರಿಯಲ್ಲಿ ಸಮುದ್ರದ ಮೇಲೆ ಕುದುರೆ ಸತ್ತರೆ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು. ಅರಸ ಅದಕ್ಕೂ ಬದುಕಿದ ಕುದುರೆಯಷ್ಟೇ ದುಡ್ಡು ಕೊಡ್ತಿದ್ದ.

ಸ್ವಲ್ಪ ಯೋಚನೆ ಮಾಡಿ. ಸತ್ತ ಕುದುರೆಯ ಬಾಲಕ್ಕೆ ಪೂರ್ತಿ ರೇಟು! ಅರಸ ದಡ್ಡನಾ? ಅಲ್ಲ. ನಷ್ಟ ಆಗುತ್ತೆ ಅಂತ ವ್ಯಾಪಾರಿ ಒಂದು ವರ್ಷ ಬರದೇ ಹೋದರೆ ಸೈನ್ಯ ನೆಲಕ್ಕಿಳಿಯುತ್ತೆ ಅಂತ ಅವನಿಗೆ ಗೊತ್ತಿತ್ತು. 1547ರಲ್ಲಿ ವಿಜಯನಗರ ಮತ್ತು ಪೋರ್ಚುಗೀಸರ ನಡುವೆ ಒಪ್ಪಂದ ಆಯ್ತು. ಗೋವಾಕ್ಕೆ ಬರುವ ಕುದುರೆ ವಿಜಯನಗರಕ್ಕೇ ಸಿಗಬೇಕು, ಬಿಜಾಪುರಕ್ಕಲ್ಲ. ಅದು ಅದರ ಮುಖ್ಯ ಷರತ್ತು. ಈಗ ದೇಶ ದೇಶಗಳು ಚಿಪ್‌ಗೆ, ಕಚ್ಚಾತೈಲಕ್ಕೆ ಕಿತ್ತಾಡ್ತಾವಲ್ಲ, ಹಾಗೆ.

ಹಾಗಾದರೆ ಇಲ್ಲೇ ಮರಿ ಹಾಕಿಸೋಕೆ ಏನು ಕಷ್ಟ ಇತ್ತು? 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಇದಕ್ಕೆ ಕಾರಣ ಬರೆದಿದ್ದಾನೆ. ಇಲ್ಲಿ ಒಳ್ಳೆಯ ಗಂಡು ಕುದುರೆಗೆ ಒಳ್ಳೆಯ ಹೆಣ್ಣು ಕುದುರೆ ಕೂಡಿಸಿದರೂ ಹುಟ್ಟೋದು ಕಾಲು ಸೊಟ್ಟಗಿರುವ, ಸವಾರಿಗೆ ಬಾರದ ಮರಿ ಅಂತಾನೆ. ಕುದುರೆಗೆ ಅನ್ನ, ಮಾಂಸ ಬೇಯಿಸಿ ಹಾಕ್ತಾರೆ ಅಂತಲೂ ಹೇಳ್ತಾನೆ. ಕುದುರೆಯ ಆರೈಕೆ ಬಲ್ಲವರು ಇಲ್ಲಿ ಇಲ್ಲ ಅನ್ನೋದು ಅವನ ದೂರು.

ಓದಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮವರಿಗೆ ಪ್ರಾಣಿ ಸಾಕೋದು ಗೊತ್ತಿರಲಿಲ್ಲ ಅಂದ್ರೇನು? ದನದ ವಿಷಯದಲ್ಲಿ ಮೈಸೂರಿನ ಒಡೆಯರಿಗೆ ಒಂದು ಇಲಾಖೆಯೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’. ಟಿಪ್ಪು ಕಾಲದಲ್ಲಿ ಅದರ ಹೆಸರು ಅಮೃತಮಹಲ್ ಆಯ್ತು. ಫಿರಂಗಿ ಎಳೆಯುವ ಆ ಎತ್ತುಗಳ ಓಟ ಕಂಡು ಬ್ರಿಟಿಷ್ ಸೇನಾಧಿಕಾರಿಗಳೇ ಬೆರಗಾಗಿದ್ದರು. ಎತ್ತನ್ನು ಅಷ್ಟು ಚೆನ್ನಾಗಿ ಬೆಳೆಸಿದ ನಾಡಿಗೆ ಕುದುರೆ ಯಾಕೆ ಒಲಿಯಲಿಲ್ಲ?

ಉತ್ತರ ಸಿಕ್ಕಿದ್ದು ಆ ಫೆಬ್ರವರಿ ರಾತ್ರಿ.

ಸಂಜೆ ಆರಕ್ಕೆ ಫಾರ್ಮ್ ತಲುಪಿದೆ. ಬೇಲಿಯ ಆಚೆ ಮೈದಾನದಲ್ಲಿ ತಾಯಂದಿರು, ಪಕ್ಕದಲ್ಲಿ ಉದ್ದ ಕಾಲಿನ ಮರಿಗಳು. ಡಾಕ್ಟರ್ ಮೊದಲು ಕ್ಯಾಲೆಂಡರ್ ಪಾಠ ಮಾಡಿದರು. ರೇಸ್ ಕುದುರೆಗಳಿಗೆಲ್ಲ ಲೆಕ್ಕದ ಹುಟ್ಟುಹಬ್ಬ ಒಂದೇ ದಿನ, ಜನವರಿ 1. ಡಿಸೆಂಬರ್ 31ಕ್ಕೆ ಹುಟ್ಟಿದರೆ ಮಾರನೇ ದಿನವೇ ಅದಕ್ಕೆ ಒಂದು ವರ್ಷ! ಹಾಗಾಗಿ ಯಾರಿಗೂ ಡಿಸೆಂಬರ್ ಮರಿ ಬೇಡ. ಜನವರಿಯಿಂದ ಏಪ್ರಿಲ್, ಮೇವರೆಗೆ ಹೆರಿಗೆ ಕಾಲ. ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳು. ಅದೂ ಗ್ಯಾರಂಟಿ ಅಲ್ಲ. ಒಂದು ಹದಿನೈದು ದಿನ ಮುಂಚೆ ಹಾಕುತ್ತೆ, ಇನ್ನೊಂದು ಹದಿನೈದು ದಿನ ತಡ ಮಾಡುತ್ತೆ.

ಹಾಗಾದರೆ ಇವತ್ತೇ ಅಂತ ಗೊತ್ತಾಗೋದು ಹೇಗೆ? ಕೆಚ್ಚಲು ನೋಡಬೇಕು. ಕೆಚ್ಚಲು ತುಂಬಿ, ಮೊಲೆತೊಟ್ಟಿನ ತುದಿಯಲ್ಲಿ ಮೇಣದ ಹಾಗೆ ಹನಿ ಕಟ್ಟಿದರೆ ಇವತ್ತೋ ನಾಳೆಯೋ. ಅಂಥ ಕುದುರೆಯನ್ನು ಸಂಜೆಯೇ ದೊಡ್ಡ ಕೋಣೆಗೆ ತರ್ತಾರೆ, ಒಣ ಹುಲ್ಲು ಮೊಣಕಾಲೆತ್ತರ ಹಾಸಿರ್ತಾರೆ. ಆಮೇಲೆ ಒಬ್ಬರು ಕಾಯ್ತಾ ಕೂರ್ತಾರೆ. ರಾತ್ರಿಯಿಡೀ. ಆ ಸೀಸನ್‌ನಲ್ಲಿ ಪ್ರತಿ ರಾತ್ರಿ.

ಅವತ್ತು ಕಾಯ್ತಾ ಇದ್ದವರು ಅರವತ್ತರ ಹತ್ತಿರದ ಒಬ್ಬ ಸೈಸ್. ಲಾಯದಲ್ಲಿ ಕುದುರೆ ನೋಡಿಕೊಳ್ಳುವವರಿಗೆ ಅಲ್ಲಿ ಹಾಗೆ ಅಂತಾರೆ. ಅವರ ಅಪ್ಪನೂ ಇದೇ ಕೆಲಸ ಮಾಡಿದವರು. ಹತ್ತು ಗಂಟೆಗೆ ನಾನು ಬಾಗಿಲ ಹತ್ತಿರ ಹೋಗಿ ಇಣುಕಿದೆ. ಕೈಹಿಡಿದು ಹಿಂದಕ್ಕೆ ಎಳೆದರು. “ಬನ್ನಿ ಈ ಕಡೆ ಸಾರ್. ನಾವು ಅದನ್ನ ನೋಡ್ತಿದ್ದೀವಿ ಅಂದ್ಕೊಂಡಿದ್ದೀರಿ. ಅದು ನಮ್ಮನ್ನ ನೋಡ್ತೈತೆ. ಹೊಸಬರು ನಿಂತಿದ್ರೆ ಮರಿ ಹಾಕಲ್ಲ, ತಡ್ಕೊಂಡ್ಬಿಡುತ್ತೆ.”

“ತಡ್ಕೊಳ್ಳೋಕೆ ಆಗುತ್ತಾ ಯಜಮಾನ್ರೇ?”

“ಆಗದೇ ಏನು? ಕಾಡಲ್ಲಿ ಹುಲಿ ಮುಂದೆ ಹೆರೋಕಾಗುತ್ತಾ?”

ಡಾಕ್ಟರ್ ತಲೆಯಾಡಿಸಿದರು. ನಿಜವಂತೆ. ಬಹುತೇಕ ಕುದುರೆಗಳು ಹಾಕೋದೇ ರಾತ್ರಿ, ಎಲ್ಲ ಸದ್ದು ಅಡಗಿದ ಮೇಲೆ.

ಎರಡೂವರೆಗೆ ಶುರುವಾಯ್ತು. ಕುದುರೆ ಬೆವರಿತು. ಸುತ್ತು ಹೊಡೀತು. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡಿತು. ನೀರು ಒಡೆದ ಮೇಲೆ ಮಲಗಿತು. ಅಲ್ಲಿಂದ ಮುಂದೆ ಎಲ್ಲ ಮುಗಿಯೋದು ಇಪ್ಪತ್ತು, ಮೂವತ್ತು ನಿಮಿಷದಲ್ಲಿ. ಹಸುವಿನ ಹಾಗೆ ಗಂಟೆಗಟ್ಟಲೆ ಟೈಮ್ ಇಲ್ಲ. ಮೊದಲು ಬಿಳಿ ಪೊರೆ, ಅದರೊಳಗೆ ಮುಂಗಾಲು ಒಂದು, ಸ್ವಲ್ಪ ಹಿಂದೆ ಇನ್ನೊಂದು, ಮಂಡಿ ಮೇಲೆ ಮೂಗು. ಹೀಗೇ ಬರಬೇಕು. ಬಿಳಿ ಪೊರೆ ಬದಲು ಕೆಂಪು ಬಂದರೆ ಮಾಸು ಮೊದಲೇ ಬಿಡಿಸಿಕೊಂಡಿದೆ ಅಂತ ಅರ್ಥ. ಒಳಗೆ ಮರಿಗೆ ಉಸಿರಿಲ್ಲ. ಡಾಕ್ಟರನ್ನು ಕೂಗೋಕೂ ಪುರುಸೊತ್ತಿಲ್ಲ, ಅಲ್ಲೇ ಕಾಯ್ತಾ ಇದ್ದವರು ಪೊರೆ ಕತ್ತರಿಸಿ ಎಳೀಬೇಕು. ಕಾಯ್ತಾ ಇದ್ದವರು ತೂಕಡಿಸಿದ್ದರೆ ಹನ್ನೊಂದು ತಿಂಗಳು ಹೋಯ್ತು.

ಅವತ್ತು ಬಿಳಿಯೇ ಬಂತು. ಎರಡು ಐವತ್ತೈದಕ್ಕೆ ಮರಿ ಹೊರಗಿತ್ತು. ಹೆಣ್ಣು ಮರಿ. ಅದರ ಗೊರಸಿನ ತುದಿಗೆ ರಬ್ಬರಿನ ಹಾಗೆ ಮೆತ್ತನೆಯ ಹೊದಿಕೆ. ಒಳಗೆ ಒದ್ದಾಡುವಾಗ ತಾಯಿಗೆ ಗಾಯ ಆಗದಿರಲಿ ಅಂತ ಪ್ರಕೃತಿಯೇ ಮಾಡಿದ ಪ್ಯಾಕಿಂಗ್. ಇಂಜಿನಿಯರ್ ಆಗಿ ಹೇಳ್ತೀನಿ, ಅಂಥ ಡಿಸೈನ್ ನಾನು ಎಲ್ಲೂ ನೋಡಿಲ್ಲ.

ಆಮೇಲೆ ಗಡಿಯಾರದ ಆಟ. ಒಂದು, ಎರಡು, ಮೂರು ಅಂತ ಅವರದೊಂದು ಲೆಕ್ಕ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಹಾಲು ಕುಡೀಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಈ ಮರಿ ಎದ್ದಿತು, ಬಿತ್ತು. ಎದ್ದಿತು, ಗೋಡೆಗೆ ಹೋಗಿ ಡಿಕ್ಕಿ ಹೊಡೀತು. ಒಂದು ಗಂಟೆ ಆಯ್ತು. ಒಂದೂವರೆ ಆಯ್ತು. ತಾಯಿಯ ಮುಂಗಾಲ ಸಂದಿಯಲ್ಲಿ ಹಾಲು ಹುಡುಕುತ್ತಿತ್ತು ಪೆದ್ದು ಮರಿ! ನಾನು ಎರಡು ಸಲ “ಸಹಾಯ ಮಾಡಿ” ಅಂದೆ. ಸೈಸ್ ಅಲುಗಾಡಲಿಲ್ಲ. ಎರಡು ಗಂಟೆಗೆ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಎದ್ದು ಒಳಗೆ ಹೋದರು. ತಾಯಿಯ ಕುತ್ತಿಗೆ ಸವರಿ ಏನೋ ಹೇಳಿದರು. ನಾಲ್ಕು ಹನಿ ಹಾಲು ಕರೆದು ಬೆರಳಿಗೆ ಹಚ್ಚಿ, ಆ ಬೆರಳನ್ನು ಮರಿಯ ಬಾಯಿಗೆ ಕೊಟ್ಟು, ಹಾಗೇ ಹಿಂದಕ್ಕೆ ನಡೆಸಿಕೊಂಡು ಕೆಚ್ಚಲ ಹತ್ತಿರ ತಂದು ಬೆರಳು ತೆಗೆದರು. ಚೊಚ್‌ ಚೊಚ್‌ ಸದ್ದು ಶುರುವಾಯ್ತು.

ಇಷ್ಟು ಆತುರ ಯಾಕೆ ಅಂತೀರಾ? ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ತಾಯಿಯ ಹೊಟ್ಟೆಯಲ್ಲೇ ಸ್ವಲ್ಪ ಸಿಕ್ಕಿರುತ್ತೆ. ಕುದುರೆ ಮರಿಗೆ ಅದು ಇಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತೆ. ಎಲ್ಲವೂ ಗಿಣ್ಣು ಹಾಲಿನಲ್ಲೇ ಬರಬೇಕು. ಮರಿಯ ಕರುಳು ಆ ಶಕ್ತಿಯನ್ನು ಒಳಗೆ ಬಿಟ್ಟುಕೊಳ್ಳೋದು ಹುಟ್ಟಿದ ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ. ಆಮೇಲೆ ಬಾಗಿಲು ಮುಚ್ಚಿತು.

ಗಿಣ್ಣು ಹಾಲು ಅಂದಾಗ ನನಗೆ ನಮ್ಮ ಅಜ್ಜಿ ನೆನಪಾದಳು. ಕೊಟ್ಟಿಗೆಯಲ್ಲಿ ಗಿಡ್ಡ ಹಸು ಕರು ಹಾಕುವ ರಾತ್ರಿ ಲಾಟೀನು ಇಟ್ಟುಕೊಂಡು ಕೂರುತ್ತಿದ್ದಳು. ಗಿಣ್ಣು ತಿನ್ನೋಕೆ ನಾವು ಹುಡುಗರು ಕಾಯ್ತಾ ಇದ್ದರೆ, “ಕರು ಕುಡಿದು ಉಳಿದಿದ್ದು ನಿಮಗೆ” ಅನ್ನುತ್ತಿದ್ದಳು. ಅವಳಿಗೆ ಯಾವ ವಿಜ್ಞಾನವೂ ಗೊತ್ತಿರಲಿಲ್ಲ. ಆದರೆ ನಿಯಮ ಗೊತ್ತಿತ್ತು. ಅವಳ ಅಮ್ಮ ಅವಳಿಗೆ ಹೇಳಿಕೊಟ್ಟಿದ್ದಳು.

ಈಗ ಮಾರ್ಕೊ ಪೋಲೊಗೆ ಉತ್ತರ ಸಿಕ್ಕಿತು. ನಮ್ಮವರಿಗೆ ಪ್ರಾಣಿ ಸಾಕೋದು ಗೊತ್ತಿಲ್ಲ ಅಂತಲ್ಲ. ದನದ ಜೊತೆ ನಮಗೆ ತಲೆಮಾರುಗಳ ಸಂಬಂಧ ಇತ್ತು. ಕುದುರೆ ಹಡಗಿನಲ್ಲಿ ಬಂದು, ಯುದ್ಧಕ್ಕೆ ಹೋಗಿ, ಸಾಯುತ್ತಿತ್ತು. ಅದರ ಹೆರಿಗೆ ನೋಡಿದ ಅಜ್ಜಿಯರು ನಮ್ಮಲ್ಲಿ ಇರಲಿಲ್ಲ. ಕೊಂಡುಕೊಂಡೇ ಅಭ್ಯಾಸವಾದವನಿಗೆ ಹುಟ್ಟಿಸುವ ವಿದ್ಯೆ ಬರೋದಿಲ್ಲ. ಕಲಿಯೋಣ ಅಂದರೆ ಟೈಮ್ ಬೇಕು. ಎಷ್ಟು ಟೈಮ್? ಹನ್ನೊಂದು ತಿಂಗಳ ಗಬ್ಬ. ಆಮೇಲೆ ಸವಾರನನ್ನು ಹೊತ್ತು ಯುದ್ಧಕ್ಕೆ ಹೋಗೋಷ್ಟು ಮೂಳೆ ಬಲಿಯೋಕೆ ನಾಲ್ಕು ವರ್ಷ. ಅಂದರೆ ಇವತ್ತು ನಿರ್ಧಾರ ಮಾಡಿದರೆ ಮೊದಲ ಕುದುರೆ ಕೈಗೆ ಬರೋದು ಐದು ವರ್ಷಕ್ಕೆ. ಅಷ್ಟರಲ್ಲಿ ಶತ್ರು ಕಾಯ್ತಾನಾ? ಹಾಗಾಗಿ ಪ್ರತಿ ಅರಸನೂ ಸುಲಭದ ದಾರಿ ಹಿಡಿದ. ಹಡಗಿಗೆ ಆರ್ಡರ್ ಕೊಟ್ಟ.

ಈ ಲೆಕ್ಕ ಬದಲಾಗಿದ್ದು ಹೇಗೆ? ಮತ್ತೆ ನಮ್ಮ ಹೊಸನಗರಕ್ಕೇ ಬರಬೇಕು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿ ಸೆರೆಯಾದಳು. ಕೆಳದಿ ರಾಜ್ಯ ಅಲ್ಲಿಗೆ ಮುಗೀತು. ಅಲ್ಲಿ ಸಿಕ್ಕ ಸಂಪತ್ತು 1 ಕೋಟಿ 20 ಲಕ್ಷ ಪೌಂಡ್ ಅಂತ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಅಂದಾಜು ಮಾಡಿದ್ದಾನೆ. ಹೈದರ್ ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ತನ್ನ ಏಳಿಗೆಗೆ ಅಡಿಪಾಯ ಇದೇ ಅಂತ ಭಾವಿಸಿದ್ದ. ನಮ್ಮ ಮಲೆನಾಡಿನ ಮೆಣಸು, ಅಡಿಕೆ, ಅಕ್ಕಿಯ ದುಡ್ಡಿನ ಬಲದ ಮೇಲೆ ಮೈಸೂರಿನ ಸೈನ್ಯ ಬೆಳೆಯಿತು. ಇದನ್ನು ನಮ್ಮೂರಿನವನಾಗಿ ಸಂತೋಷದಿಂದ ಹೇಳ್ತಿಲ್ಲ. ಆಗಿದ್ದು ಆಗಿದೆ.

ಆ ಸೈನ್ಯದಲ್ಲಿ ಎರಡು ಥರ ಕುದುರೆ ಸವಾರರಿದ್ದರು. ಒಂದು, ಸಿಲ್ಲೇದಾರರು. ಕುದುರೆ ಅವರದೇ. ಸತ್ತರೆ ನಷ್ಟ ಅವರದೇ. ನಿಮ್ಮ ಸ್ವಂತ ಕಾರನ್ನು ಯಾರಾದರೂ ರ‍್ಯಾಲಿಗೆ ಓಡಿಸಿ ಅಂದರೆ ಹೇಗೆ ಓಡಿಸ್ತೀರಿ? ಹುಷಾರಾಗಿ. ಯುದ್ಧದಲ್ಲೂ ಹಾಗೇ. ಇನ್ನೊಂದು, ಸರ್ಕಾರಿ ಕುದುರೆ ಮೇಲೆ ಕೂರುವ ಪಡೆ. ಸವಾರ ಧೈರ್ಯವಾಗಿ ನುಗ್ತಾನೆ, ಆದರೆ ಕುದುರೆ ಒದಗಿಸೋ ಹೊಣೆ ಸರ್ಕಾರದ ಮೇಲೆ. ಅಷ್ಟು ಕುದುರೆ ಪ್ರತಿ ವರ್ಷ ಹೊರಗಿಂದ ತರಬೇಕಾದರೆ, ಸಮುದ್ರದ ಮೇಲೆ ಬ್ರಿಟಿಷರ ಹಡಗು. ಟಿಪ್ಪು ಮಸ್ಕತ್‌ನಲ್ಲಿ ತನ್ನ ವ್ಯಾಪಾರದ ಕೋಠಿ ಇಟ್ಟಿದ್ದ, ನಿಜ. ಆದರೆ ಬಂದರುಗಳು ಯಾವಾಗ ಕೈ ತಪ್ಪುತ್ತವೋ ಗೊತ್ತಿರಲಿಲ್ಲ. 1783ರಲ್ಲಿ ನಗರದ ಕೋಟೆಯನ್ನೇ ಜನರಲ್ ಮ್ಯಾಥ್ಯೂಸ್ ಹಿಡಿದಿದ್ದ, ಟಿಪ್ಪು ಬಂದು ವಾಪಸ್ ತಗೋಬೇಕಾಯ್ತು.

1790ರ ಆಸುಪಾಸಿನಲ್ಲಿ ಕುಣಿಗಲ್‌ನಲ್ಲಿ ಕುದುರೆ ಫಾರ್ಮ್ ಶುರುವಾಯ್ತು. ಜಾಗ ನೋಡಿ. ನಮ್ಮ ಮಲೆನಾಡಿನ ಕೆಸರಲ್ಲ. ಬಯಲು ಸೀಮೆ, ನೀರು ನಿಲ್ಲದ ಕೆಂಪು ನೆಲ, ಹಿತವಾದ ಹವೆ. ಪಕ್ಕದಲ್ಲೇ ಜನಪದ ಹಾಡಿನಲ್ಲಿ ಹೆಸರಾದ ದೊಡ್ಡ ಕೆರೆ. ಸುತ್ತ ಹುರುಳಿ ಬೆಳೆಯುವ ಹೊಲ. ಶ್ರೀರಂಗಪಟ್ಟಣಕ್ಕೂ ದೂರವಲ್ಲ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಚರ್ಚೆ ನೀವು ಮಾಡ್ಕೊಳ್ಳಿ, ನಾನೂ ಸ್ಟುಡಿಯೋದಲ್ಲಿ ಮಾಡ್ತೀನಿ. ಆದರೆ ಐದು ವರ್ಷ ಕಾದರೆ ಮಾತ್ರ ಫಲ ಕೊಡುವ ಕೆಲಸಕ್ಕೆ ಯುದ್ಧದ ನಡುವೆ ಯಾರೋ ಕೈ ಹಾಕಿದ್ದರು. ಅದು ಸತ್ಯ.

ಕೈ ಹಾಕಿದವನಿಗೆ ಅದರ ಫಲ ಪೂರ್ತಿ ಸಿಗಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆದರೆ ಫಾರ್ಮ್ ನಿಲ್ಲಲಿಲ್ಲ. ಮೈಸೂರಿನ ಸಿಲ್ಲೇದಾರ್ ಪಡೆಗೆ ಅಲ್ಲಿ ಕುದುರೆ ಬೆಳೆಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಮಷಿನ್‌ಗನ್ ಎದುರು ಕುದುರೆ ಓಡಿಸಿ ಊರು ಗೆದ್ದರು. ಜಗತ್ತಿನ ಕೊನೆಯ ದೊಡ್ಡ ಕುದುರೆ ದಾಳಿಗಳಲ್ಲಿ ಅದೂ ಒಂದು. ಆಮೇಲೆ ಟ್ಯಾಂಕ್ ಬಂತು, ಜೀಪು ಬಂತು. ಯುದ್ಧಕ್ಕೆ ಕುದುರೆ ಬೇಡವಾಯ್ತು. ಕುಣಿಗಲ್ ಯುದ್ಧದಿಂದ ರೇಸಿಗೆ ತಿರುಗಿತು. 1992ರಲ್ಲಿ ರಾಜ್ಯ ಸರ್ಕಾರ ಅದನ್ನು ಮೂವತ್ತು ವರ್ಷಕ್ಕೆ ಯುಬಿ ಗ್ರೂಪಿನ ಕಂಪನಿಗೆ ಗುತ್ತಿಗೆ ಕೊಟ್ಟಿತು. 400 ಎಕರೆಗೂ ಹೆಚ್ಚು ಜಾಗ, ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, ಹೆದ್ದಾರಿ ಪಕ್ಕ. ಗುತ್ತಿಗೆ ಅವಧಿ ಮುಗಿಯುವ ಹೊತ್ತಿಗೆ ಆ ಜಾಗದ ಬೆಲೆ ಎಷ್ಟಾಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಟೌನ್‌ಶಿಪ್ ಮಾತು ಬಂದಿದ್ದು ಹಾಗೆ.

ಇಲ್ಲಿ ಒಂದು ಪ್ರಶ್ನೆ ನೀವು ಕೇಳಬೇಕು. ನಾನೂ ಕೇಳಿಕೊಂಡೆ. ರೇಸ್ ಅಂದರೆ ಶ್ರೀಮಂತರ ಆಟ, ಬಡವರ ಜೂಜು. ಎಷ್ಟೋ ಮನೆ ಹಾಳಾಗಿದೆ. ಅದಕ್ಕೆ ಕುದುರೆ ಹುಟ್ಟಿಸೋ ಜಾಗ ಉಳಿಸಿ ಅಂತ ಜನಸಾಮಾನ್ಯ ಯಾಕೆ ದನಿ ಎತ್ತಬೇಕು? ನ್ಯಾಯವಾದ ಪ್ರಶ್ನೆ. ಜೂಜು ಉಳಿಯಲಿ ಅಂತ ನಾನು ವಾದ ಮಾಡೋದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಫಾರ್ಮ್ ಮೊದಲು ಸುಲ್ತಾನನ ಸೈನ್ಯಕ್ಕಿತ್ತು. ಆಮೇಲೆ ಸಿಲ್ಲೇದಾರರಿಗೆ, ಆಮೇಲೆ ರೇಸಿಗೆ. ಯಾರಿಗಾಗಿ ಅನ್ನೋದು ಎರಡು ಸಲ ಬದಲಾಯ್ತು. ಬದಲಾಗದೆ ಉಳಿದಿದ್ದು ಹುಲ್ಲುಗಾವಲು ಮತ್ತು ರಾತ್ರಿ ಎದ್ದು ಕೂರುವ ಜನ. ಮೈಸೂರು ದಸರಾ ಮೆರವಣಿಗೆಯಲ್ಲಿ ಪೊಲೀಸರ ಕುದುರೆ ಪಡೆ ಬಂದಾಗ ಚಪ್ಪಾಳೆ ಹೊಡೀತೀವಿ. ಪಶುವೈದ್ಯ ವಿದ್ಯಾರ್ಥಿಗಳಿಗೆ ಕುದುರೆಯ ಹೆರಿಗೆ ಕಲಿಸಬೇಕು. ನಾಲ್ಕನೇ ಉಪಯೋಗ ಏನು ಅಂತ ನಾವು ಇನ್ನೂ ಯೋಚನೆಯನ್ನೇ ಮಾಡಿಲ್ಲ. ಯೋಚನೆ ಮಾಡೋ ಮೊದಲೇ ಸೈಟ್ ಲೆಕ್ಕ ಹಾಕ್ತಾ ಇದ್ದೀವಿ.

ಮನೆ ಕಟ್ಟೋಕೆ ಜಾಗ ಬೇಕು, ಒಪ್ಪಿದೆ. ಟೌನ್‌ಶಿಪ್ ಅನ್ನು ಇನ್ನೊಂದು ಕಡೆ ಕಟ್ಟಬಹುದು. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಕುದುರೆ ಮೇಯ್ದ, ಲದ್ದಿ ಬಿದ್ದು ಹದವಾದ ಹುಲ್ಲುಗಾವಲನ್ನು ಇನ್ನೊಂದು ಕಡೆ ಕಟ್ಟೋಕಾಗಲ್ಲ. ಬೆರಳಿಗೆ ಹಾಲು ಹಚ್ಚಿ ಮರಿಯನ್ನು ಕೆಚ್ಚಲಿಗೆ ನಡೆಸುವ ಕೈಯನ್ನು ಟೆಂಡರ್ ಕರೆದು ತರೋಕಾಗಲ್ಲ. ಆ ಸೈಸ್‌ಗೆ ಕೇಳಿದೆ, ಮಗ ಏನು ಮಾಡ್ತಾನೆ ಅಂತ. “ಬೆಂಗಳೂರಲ್ಲಿ ಡೆಲಿವರಿ ಮಾಡ್ತಾನೆ ಸಾರ್” ಅಂದರು. ಒಂದು ಕ್ಷಣ ಬಿಟ್ಟು ಅವರೇ ನಕ್ಕರು. “ಇಬ್ರೂದೂ ಡೆಲಿವರಿ ಕೆಲ್ಸನೇ.”

ಬೆಳಗ್ಗೆ ಐದಕ್ಕೆ ಮಾಸು ಬಿತ್ತು. ಡಾಕ್ಟರ್ ಅದನ್ನು ನೆಲದ ಮೇಲೆ ಹರಡಿ, ಒಂದು ಚೂರೂ ಒಳಗೆ ಉಳಿದಿಲ್ಲ ಅಂತ ನೋಡಿದರು. ಮರಿಯ ಹೊಕ್ಕುಳಿಗೆ ಔಷಧ ಹಚ್ಚಿದರು. ಇನ್ನು ಮರಿಯ ಮೈ ಮೇಲಿನ ಸುಳಿ, ಬಿಳಿ ಮಚ್ಚೆ ಎಲ್ಲ ಬರೆದುಕೊಂಡು ಸ್ಟಡ್ ಬುಕ್‌ಗೆ ಕಳಿಸಬೇಕು. ಇನ್ನೊಂದು ವಾರ, ಹತ್ತು ದಿನಕ್ಕೆ ತಾಯಿ ಮತ್ತೆ ಬೆದೆಗೆ ಬರುತ್ತೆ. ಪಕ್ಕದ ಕೋಣೆಯಲ್ಲಿ ಇನ್ನೊಂದರ ಕೆಚ್ಚಲು ತುಂಬಿತ್ತು. ಸೈಸ್ ಮುಖ ತೊಳೆದು, ಟೀ ಕುಡಿದು, ಹುರುಳಿ ನೆನೆಹಾಕೋಕೆ ಹೋದರು. ಅವರಿಗೆ ಅದು ಒಂದು ಮಾಮೂಲಿ ದಿನ.

ನಾನು ವಾಪಸ್ ಬರುವಾಗ ನಗರದ ಕೋಟೆ ನೆನಪಾಗ್ತಾ ಇತ್ತು. ಕೊಳ ಇದೆ, ಗೋಡೆ ಇದೆ, ದರ್ಬಾರಿನ ಕಲ್ಲಿನ ಕಟ್ಟೆ ಇದೆ. ಕುದುರೆ ಬಗ್ಗೆ ಕೇಳಿದರೆ ಟಿವಿಯಲ್ಲಿ ನೋಡಿದ್ದೇವೆ ಅಂತಾರೆ. ಕೊಂಡು ತಂದ ಕುದುರೆಗೆ ಅಷ್ಟೇ ಆಯಸ್ಸು. ಕುಣಿಗಲ್‌ನಲ್ಲಿ ಅದು ಹುಟ್ಟಿತು, ಹಾಗಾಗಿ ಉಳಿಯಿತು.

ಐದು ವರ್ಷ ಅಂದೆನಲ್ಲ, ಗಬ್ಬದಿಂದ ಸವಾರಿಯವರೆಗೆ. ನಮ್ಮಲ್ಲಿ ಒಂದು ಸರ್ಕಾರದ ಆಯಸ್ಸೂ ಅಷ್ಟೇ. ಇವತ್ತು ಶುರು ಮಾಡಿದ್ದರ ಫಲ ಮುಂದಿನವನು ಹತ್ತಿ ಓಡಿಸ್ತಾನೆ ಅಂತ ಗೊತ್ತಿದ್ದೂ ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ? ಮುಂದಿನ ಸಲ ಕುಣಿಗಲ್ ಬಗ್ಗೆ ಚರ್ಚೆ ಮಾಡುವಾಗ ನಾಲ್ಕು ಅತಿಥಿಗಳ ಜೊತೆ ಐದನೆಯವರಾಗಿ ಒಬ್ಬ ಸೈಸ್‌ನ ಕೂರಿಸ್ತೀನಿ ಅಂತ ಡಾಕ್ಟರಿಗೆ ಮಾತು ಕೊಟ್ಟಿದ್ದೇನೆ. ಅವರು ನಂಬಿದ ಹಾಗೆ ಕಾಣಲಿಲ್ಲ. “ಫೆಬ್ರವರಿಯಲ್ಲಿ ಕರೀಬೇಡಿ ಸಾರ್” ಅಂದರು. “ರಾತ್ರಿ ಹೊತ್ತು ಅವರು ಬರೋಕಾಗಲ್ಲ.”